ಕಾಂಗರೂ ಯಾವುದು, ವಾಲಬಿ ಯಾವುದು? ಹೆಸರು ಒಂದು ಹೇಳುತ್ತೆ, ನೆಂಟಸ್ತಿಕೆ ಇನ್ನೊಂದು

1776ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಸ್ಟಾಟಿಯಸ್ ಮ್ಯುಲ್ಲರ್ ಕಾಂಗರೂಗೆ ಒಂದು ವೈಜ್ಞಾನಿಕ ಹೆಸರು ಕೊಟ್ಟರು: ಮುಸ್ ಕಂಗುರು. ಮುಸ್ ಎಂಬುದು ಇಲಿಗಳ ಕುಲ. ಅಂದರೆ ಮನುಷ್ಯನಷ್ಟು ಎತ್ತರ ನಿಲ್ಲುವ ಪ್ರಾಣಿ ಇಲಿಗಳ ಪಟ್ಟಿಗೆ ಸೇರಿತ್ತು. ಮರುವರ್ಷವೇ ಝಿಮ್ಮರ್‌ಮನ್ ಎಂಬ ಇನ್ನೊಬ್ಬ ವಿಜ್ಞಾನಿ ಅದನ್ನು ಮರುಭೂಮಿಯ ಕುಪ್ಪಳಿಸುವ ಇಲಿ ಜರ್ಬೋವಾ ಜೊತೆ ಇಟ್ಟರು. ಅವರನ್ನು ದೂರುವ ಹಾಗಿಲ್ಲ. ಯುರೋಪಿಗೆ ಆಗ ತಲುಪಿದ್ದು ಕ್ಯಾಪ್ಟನ್ ಕುಕ್ ಅವರ ಯಾನದ ವರದಿ, ಒಂದೆರಡು ಚಿತ್ರ, ಸ್ವಲ್ಪ ಚರ್ಮ, ಒಂದಿಷ್ಟು ಮೂಳೆ. ಇಷ್ಟರಲ್ಲೇ ಅವರು ಆ ಪ್ರಾಣಿಗೆ ಒಂದು ಜಾಗ ಹುಡುಕಬೇಕಿತ್ತು.

1770ರ ಜುಲೈನಲ್ಲಿ ಕುಕ್ ಅವರ ಹಡಗು ಇಂದಿನ ಕ್ವೀನ್ಸ್‌ಲ್ಯಾಂಡ್‌ನ ಎಂಡೆವರ್ ನದಿಯ ಬಳಿ ರಿಪೇರಿಗೆ ನಿಂತಿತ್ತು. ಅಲ್ಲಿ ಅವರ ತಂಡ ಒಂದಕ್ಕಿಂತ ಹೆಚ್ಚು ಪ್ರಾಣಿಗಳನ್ನು ಹೊಡೆಯಿತು. ಅವು ನಿಜವಾಗಿ ಯಾವ ಪ್ರಾಣಿಗಳು? ಪೂರ್ವದ ಬೂದು ಕಾಂಗರೂಗಳಾ, ಚಾಟಿಬಾಲದ ವಾಲಬಿಯಾ? ಈ ಪ್ರಶ್ನೆಗೆ ವಿಜ್ಞಾನಿಗಳು 20ನೇ ಶತಮಾನದ ಮಧ್ಯದವರೆಗೂ ಜಗಳವಾಡಿದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿದ್ದ ಒಂದು ತಲೆಬುರುಡೆ 1941ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಮೂಲ ಸಾಕ್ಷಿಯೇ ಹೋಯಿತು. ಕೊನೆಗೆ 1966ರಲ್ಲಿ ಪ್ರಾಣಿಗಳ ಹೆಸರಿನ ನಿಯಮ ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗ ಮುಸ್ ಕಂಗುರು ಎಂಬ ಹೆಸರನ್ನೇ ಬದಿಗೆ ಸರಿಸಿತು. ಇಂಗ್ಲೆಂಡಿನ ಜಾರ್ಜ್ ಶಾ 1790ರಲ್ಲಿ ಕೊಟ್ಟ ಹೆಸರು ಉಳಿಯಿತು: ಮ್ಯಾಕ್ರೋಪಸ್ ಜೈಗ್ಯಾಂಟಿಯಸ್. ದೊಡ್ಡ ಪಾದದ ದೈತ್ಯ ಅಂತ ಅರ್ಥ. ಈಗಲೂ ಅದೇ ಹೆಸರು.

ಯುರೋಪಿನ ವಿಜ್ಞಾನ ಗಮನಿಸಿದ ಆ ಮೊದಲ ಪ್ರಾಣಿಗಳೇ ಕಾಂಗರೂನಾ ವಾಲಬಿನಾ ಅಂತ ಅಷ್ಟು ವರ್ಷ ಯಾಕೆ ಇತ್ಯರ್ಥವಾಗಲಿಲ್ಲ? ಯಾಕಂದ್ರೆ ಇವೆರಡರ ನಡುವೆ ಪ್ರಕೃತಿ ಎಳೆದ ಗೆರೆ ಇಲ್ಲ. ಆ ಗೆರೆ ಎಳೆದಿದ್ದು ನಾವು, ಅದೂ ಗಾತ್ರ ನೋಡಿ. ದೊಡ್ಡದಿದ್ದರೆ ಕಾಂಗರೂ, ಚಿಕ್ಕದಿದ್ದರೆ ವಾಲಬಿ, ಮಧ್ಯದಲ್ಲಿದ್ದರೆ ವಾಲರೂ. ಹಿಂಗಾಲಿನ ಪಾದ 25 ಸೆಂಟಿಮೀಟರ್‌ಗಿಂತ ಉದ್ದ ಇದ್ದರೆ ಕಾಂಗರೂ ಅನ್ನಬಹುದು ಅಂತ ಒಂದು ಹಳೆಯ ಲೆಕ್ಕ ಇದೆ. ಹಲ್ಲಿನಲ್ಲೂ ಸ್ವಲ್ಪ ವ್ಯತ್ಯಾಸ ಕಾಣುತ್ತೆ. ಹುಲ್ಲು ಮೇಯುವ ದೊಡ್ಡವುಗಳಿಗೆ ಹುಲ್ಲು ಕತ್ತರಿಸಲು ಏಣುಗಳಿರುವ ಎತ್ತರದ ದವಡೆ ಹಲ್ಲು. ಎಲೆ ಚಿಗುರು ತಿನ್ನುವ ಚಿಕ್ಕವುಗಳಿಗೆ ಅದಕ್ಕಿಂತ ಚಪ್ಪಟೆ ಹಲ್ಲು. ಆದರೆ ಹಲ್ಲು ಊಟಕ್ಕೆ ತಕ್ಕಂತೆ ಬದಲಾಗುತ್ತೆ. ಅದೊಂದನ್ನೇ ನಂಬಿ ನೆಂಟಸ್ತಿಕೆ ಹೇಳೋಕಾಗಲ್ಲ.

ಉತ್ತರ ಆಸ್ಟ್ರೇಲಿಯಾದಲ್ಲಿ ಜಿಂಕೆಯಂಥ ಮೈಯ ಒಂದು ಪ್ರಾಣಿ ಇದೆ. ಕೆಲವು ಪುಸ್ತಕ ಅದನ್ನು ಆ್ಯಂಟಿಲೋಪೈನ್ ಕಾಂಗರೂ ಅನ್ನುತ್ತವೆ, ಕೆಲವು ಆ್ಯಂಟಿಲೋಪೈನ್ ವಾಲರೂ ಅನ್ನುತ್ತವೆ. ಎರಡೂ ಸರಿಯೇ. ಗಾತ್ರದ ಹೆಸರುಗಳ ಹಣೆಬರಹವೇ ಇದು. ಆಸ್ಟ್ರೇಲಿಯಾದಲ್ಲಿರುವ ನಮ್ಮ ಕನ್ನಡದವರು ರಸ್ತೆ ಬದಿ ಕಂಡ ಪ್ರಾಣಿಯನ್ನು ಏನೆಂದು ಕರೆಯಬೇಕು ಅಂತ ಗೊಂದಲಪಡುವುದೂ ಇದಕ್ಕೇ. ಅಲ್ಲೇ ಹುಟ್ಟಿ ಬೆಳೆದವರಿಗೂ ಆ ಗೊಂದಲ ಇದ್ದದ್ದೇ.

ವಿಜ್ಞಾನದ ವರ್ಗೀಕರಣ ಕೇಳುವ ಪ್ರಶ್ನೆಯೇ ಬೇರೆ. ಎಷ್ಟು ದೊಡ್ಡದು ಅಂತ ಅದು ಕೇಳಲ್ಲ, ಯಾರಿಗೆ ಯಾರು ನೆಂಟರು ಅಂತ ಕೇಳುತ್ತೆ. ಒಂದು ಕುಲಕ್ಕೆ ಹೆಸರಿಟ್ಟರೆ, ಆ ಕುಲದ ಮೂಲ ಪೂರ್ವಜನಿಂದ ಇಳಿದು ಬಂದ ಎಲ್ಲವೂ ಅದರೊಳಗೆ ಬರಬೇಕು. ಒಂದು ಮನೆತನದ ವಂಶವೃಕ್ಷ ಬರೆಯುವಾಗ ಅಜ್ಜನ ಮೂರು ಮಕ್ಕಳಲ್ಲಿ ಇಬ್ಬರ ಸಂತತಿಯನ್ನು ಸೇರಿಸಿ, ಮೂರನೆಯವರದ್ದನ್ನು ನೋಡೋಕೆ ಬೇರೆ ಥರ ಇದ್ದಾರೆ ಅಂತ ಬಿಟ್ಟರೆ ಅದು ವಂಶವೃಕ್ಷ ಆಗುತ್ತಾ? ಇಲ್ಲೂ ಅಷ್ಟೇ. ಈ ಒಂದು ನಿಯಮ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಹೆಸರು ಬದಲಾವಣೆಗಳಿಗೆಲ್ಲ ಇದೇ ಕಾರಣ.

ಮೊದಲು ದೊಡ್ಡ ಚಿತ್ರ ನೋಡೋಣ. ಕಾಂಗರೂ ಮತ್ತು ವಾಲಬಿಗಳು ಡೈಪ್ರೋಟೊಡಾಂಟಿಯಾ ಎಂಬ ಗಣಕ್ಕೆ ಸೇರುತ್ತವೆ. ಕೋವಾಲ, ವೊಂಬ್ಯಾಟ್, ಪಾಸಮ್‌ಗಳು ಕೂಡ ಇದೇ ಗಣದವು. ಇವುಗಳ ಗುರುತು ಎರಡು. ಒಂದು, ಕೆಳದವಡೆಯ ಮುಂದೆ ಚಾಚಿಕೊಂಡ ಒಂದು ಜೊತೆ ದೊಡ್ಡ ಬಾಚಿಹಲ್ಲು. ಇನ್ನೊಂದು ಹಿಂಗಾಲಿನಲ್ಲಿದೆ. ಅವಕಾಶ ಸಿಕ್ಕರೆ ಯಾವುದಾದರೂ ಮ್ಯೂಸಿಯಂನಲ್ಲಿ ಕಾಂಗರೂ ಪಾದದ ಅಸ್ಥಿಯನ್ನು ಹತ್ತಿರದಿಂದ ನೋಡಿ. ನಡುವೆ ಉದ್ದಕ್ಕೆ ದಪ್ಪಗೆ ಬಂದಿರುವುದು ನಾಲ್ಕನೇ ಬೆರಳು. ಮೈಯ ಭಾರವೆಲ್ಲ ಅದರ ಮೇಲೆ. ಹೊರಗೆ ಐದನೆಯದು ಸ್ವಲ್ಪ ಚಿಕ್ಕದು. ಒಳಬದಿಯಲ್ಲಿ ಕಡ್ಡಿಯಂಥ ಎರಡು ಸಣ್ಣ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬದುಕಿರುವ ಪ್ರಾಣಿಯಲ್ಲಿ ಇವೆರಡನ್ನೂ ಒಂದೇ ಚರ್ಮ ಸುತ್ತಿರುತ್ತೆ, ತುದಿಯಲ್ಲಿ ಮಾತ್ರ ಎರಡು ಉಗುರು ಕಾಣುತ್ತವೆ. ಓಡೋಕೆ ಇವು ಉಪಯೋಗಕ್ಕೆ ಬರಲ್ಲ, ಮೈ ಕೂದಲು ಬಾಚಿಕೊಳ್ಳೋಕೆ ಬರುತ್ತವೆ. ಹೆಬ್ಬೆರಳು ಇಲ್ಲವೇ ಇಲ್ಲ. ಅದೇ ಅಂಟಿದ ಬೆರಳು ಮರದ ಮೇಲಿನ ಪಾಸಮ್‌ಗೂ ಇದೆ, ಕೋವಾಲಗೂ ಇದೆ. ಕಾಂಗರೂಗಳ ಪೂರ್ವಜರು ಒಂದು ಕಾಲದಲ್ಲಿ ಪಾಸಮ್‌ನಂತೆ ಮರದಲ್ಲಿದ್ದವು ಎಂಬುದಕ್ಕೆ ಸಿಗುವ ಸುಳಿವುಗಳಲ್ಲಿ ಇದೂ ಒಂದು.

ಈ ಗಣದೊಳಗೆ ಕುಪ್ಪಳಿಸುವ ಬಳಗದಲ್ಲಿ ಇಂದು ಅರವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಇವುಗಳ ನೆಲೆ. ಈ ಬಳಗವನ್ನು ಮೂರು ಕುಟುಂಬಗಳಾಗಿ ವಿಂಗಡಿಸುತ್ತಾರೆ. ಮೂರರಲ್ಲಿ ಒಂದು ಕುಟುಂಬದಲ್ಲಿ ಉಳಿದಿರುವುದು ಒಂದೇ ಒಂದು ಪ್ರಭೇದ. ಅದರ ಹೆಸರು ಮಸ್ಕಿ ರ‍್ಯಾಟ್ ಕಾಂಗರೂ. ನನಗೆ ಇಡೀ ಬಳಗದಲ್ಲಿ ಅತಿ ಕುತೂಹಲ ಹುಟ್ಟಿಸುವುದು ಇದೇ. ಉತ್ತರ ಕ್ವೀನ್ಸ್‌ಲ್ಯಾಂಡ್‌ನ ಮಳೆಕಾಡು ಬಿಟ್ಟರೆ ಇದು ಎಲ್ಲೂ ಇಲ್ಲ. ತೂಕ ಸುಮಾರು ಅರ್ಧ ಕೆಜಿ. ಇದಕ್ಕೆ ಹಿಂಗಾಲಿನ ಹೆಬ್ಬೆರಳು ಇನ್ನೂ ಇದೆ. ಎರಡು ಕಾಲಿನಲ್ಲಿ ಕುಪ್ಪಳಿಸಲ್ಲ, ನಾಲ್ಕೂ ಕಾಲು ಊರಿ ನೆಗೆಯುತ್ತೆ. ದೊಡ್ಡ ಕಾಂಗರೂಗಳು ಸಾಮಾನ್ಯವಾಗಿ ಒಂದೊಂದೇ ಮರಿ ಹಾಕಿದರೆ ಇದು ಹೆಚ್ಚಾಗಿ ಅವಳಿ ಹಾಕುತ್ತೆ. ಹೊಟ್ಟೆಯ ರಚನೆಯೂ ಸರಳ. ಕಾಂಗರೂಗಳು ಹೇಗೆ ಶುರುವಾದವು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಜೀವಂತ ಸುಳಿವು ಸಿಗೋದು ಕಷ್ಟ.

ಎರಡನೆಯದು ಪೊಟೊರೂ ಮತ್ತು ಬೆಟಾಂಗ್‌ಗಳ ಕುಟುಂಬ. ಇವು ಮೊಲದಷ್ಟು ಗಾತ್ರದವು. ನೆಲ ಕೆದಕಿ ಮಣ್ಣೊಳಗಿನ ಅಣಬೆ ತಿನ್ನುತ್ತವೆ. ಗೂಡಿಗೆ ಬೇಕಾದ ಹುಲ್ಲುಕಡ್ಡಿಯನ್ನು ಬಾಲದಲ್ಲಿ ಸುತ್ತಿ ಹೊತ್ತೊಯ್ಯುತ್ತವೆ. ಇವಕ್ಕೂ ರ‍್ಯಾಟ್ ಕಾಂಗರೂ ಎಂಬ ಹೆಸರಿದೆ, ಇಲಿಗೂ ಇವಕ್ಕೂ ಸಂಬಂಧ ಏನೂ ಇಲ್ಲ.

ಮೂರನೆಯದು ದೊಡ್ಡ ಕುಟುಂಬ, ಮ್ಯಾಕ್ರೋಪೊಡಿಡೇ. ನಾವು ಕಾಂಗರೂ, ವಾಲರೂ, ವಾಲಬಿ, ಕ್ವೋಕಾ, ಪ್ಯಾಡಿಮೆಲನ್ ಅನ್ನುವುದೆಲ್ಲ ಇದರೊಳಗೇ ಬರುತ್ತವೆ. 80 ಕೆಜಿ ದಾಟುವ ಕೆಂಪು ಕಾಂಗರೂ ಗಂಡೂ ಇಲ್ಲಿದೆ, ಒಂದೂವರೆ ಕೆಜಿಯೂ ತೂಗದ ನಬರ್‌ಲೆಕ್ ಎಂಬ ಬಂಡೆ ವಾಲಬಿಯೂ ಇಲ್ಲಿದೆ. ಇವುಗಳ ಹೊಟ್ಟೆಯ ಮುಂಭಾಗ ದೊಡ್ಡದು. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಜೀರ್ಣಕ್ಕೆ ಸಿದ್ಧ ಮಾಡುತ್ತವೆ. ಹಸುವಿನ ಹೊಟ್ಟೆಯಲ್ಲೂ ನಡೆಯೋದು ಹೆಚ್ಚುಕಡಿಮೆ ಇದೇ ಕೆಲಸ. ಎರಡು ಬೇರೆ ಬೇರೆ ವಂಶಗಳು ತಮ್ಮ ಪಾಡಿಗೆ ತಾವು ಕಂಡುಕೊಂಡ ಒಂದೇ ಉಪಾಯ ಇದು.

ಈ ಕುಟುಂಬದೊಳಗೆ ಹೋದರೆ ನಾವು ಇಟ್ಟ ಹೆಸರುಗಳು ಒಂದೊಂದಾಗಿ ಕೈಕೊಡುತ್ತವೆ. ಪಟ್ಟೆ ಮೊಲವಾಲಬಿ ಅಂತ ಒಂದಿದೆ. ಮೈಯ ಹಿಂಭಾಗದಲ್ಲಿ ಅಡ್ಡ ಪಟ್ಟೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಬರ್ನಿಯರ್ ಮತ್ತು ಡೋರ್ ದ್ವೀಪಗಳಲ್ಲಿ ಮಾತ್ರ ಅದು ತಾನಾಗಿ ಬದುಕುಳಿಯಿತು. ಇತ್ತೀಚಿನ ವರ್ಷಗಳಲ್ಲಿ ಪಕ್ಕದ ಡರ್ಕ್ ಹಾರ್ಟಾಗ್ ದ್ವೀಪಕ್ಕೂ ತಂದು ಬಿಟ್ಟಿದ್ದಾರೆ. ಹೆಸರು ಕೇಳಿದರೆ ಬೇರೆ ಮೊಲವಾಲಬಿಗಳ ತಂಗಿ ಅನ್ನಿಸುತ್ತೆ. ಆದರೆ ಅದು ಬೇರೆಲ್ಲ ಕಾಂಗರೂ ವಾಲಬಿಗಳಿಂದ ಬಹಳ ಹಿಂದೆಯೇ ಕವಲೊಡೆದ ವಂಶ. ಅದಕ್ಕೇ ಒಂದು ಪ್ರತ್ಯೇಕ ಉಪಕುಟುಂಬ ಕೊಟ್ಟಿದ್ದಾರೆ. ನಿಜವಾದ ಮೊಲವಾಲಬಿಗೆ ಈ ಪಟ್ಟೆಯದಕ್ಕಿಂತ ಕೆಂಪು ಕಾಂಗರೂವೇ ಹತ್ತಿರದ ನೆಂಟ.

ಇದಕ್ಕಿಂತ ಸೋಜಿಗದ್ದು ಮರಕಾಂಗರೂಗಳದ್ದು. ಇವು ನ್ಯೂಗಿನಿಯಲ್ಲಿ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಎರಡೇ ಪ್ರಭೇದ, ಎರಡೂ ಉತ್ತರ ಕ್ವೀನ್ಸ್‌ಲ್ಯಾಂಡ್‌ನವು. ಮುಂಗಾಲು ಬಲಿಷ್ಠ, ಹಿಂಪಾದ ಗಿಡ್ಡ ಮತ್ತು ಅಗಲ. ನೆಲದ ಕಾಂಗರೂ ನೆಲದ ಮೇಲೆ ಎರಡೂ ಹಿಂಗಾಲನ್ನು ಒಟ್ಟಿಗೇ ಎತ್ತುತ್ತೆ. ಮರಕಾಂಗರೂ ಕೊಂಬೆಯ ಮೇಲೆ ಒಂದೊಂದೇ ಕಾಲಿಟ್ಟು ನಡೆಯಬಲ್ಲದು. ಇವು ಯಾರಿಗೆ ಹತ್ತಿರ? ಜೀನುಗಳನ್ನು ಹೋಲಿಸಿದಾಗ ಸಿಕ್ಕ ಉತ್ತರ ಬಂಡೆ ವಾಲಬಿಗಳು. ಯೋಚಿಸಿದರೆ ಹೊಂದುತ್ತೆ. ಬಂಡೆ ವಾಲಬಿಯ ಅಂಗಾಲು ಒರಟು ಒರಟು, ಜಾರದಂತೆ ಕಚ್ಚಿ ಹಿಡಿಯುತ್ತೆ. ಉಗುರು ಗಿಡ್ಡ. ಬಾಲ ಉದ್ದ, ತುದಿಯವರೆಗೂ ಹೆಚ್ಚು ಸಣ್ಣಗಾಗಲ್ಲ, ಜಿಗಿಯುವಾಗ ಸಮತೋಲಕ್ಕೆ ಅನುಕೂಲ. ಕಡಿದಾದ ಬಂಡೆ ಹತ್ತುವ ಮೈಕಟ್ಟಿಗೆ ಮರ ಅಷ್ಟೇನೂ ದೂರವಲ್ಲ. ಅಂದರೆ ಮರದಿಂದ ನೆಲಕ್ಕೆ ಇಳಿದ ವಂಶದ ಒಂದು ಕವಲು ಮತ್ತೆ ಮರ ಹತ್ತಿದೆ. ಹೆಸರಿನಲ್ಲಿ ಒಂದು ವಾಲಬಿ, ಇನ್ನೊಂದು ಕಾಂಗರೂ. ಆದರೆ ಬಂಡೆ ವಾಲಬಿಗೆ ಬಯಲಿನ ವಾಲಬಿಗಳಿಗಿಂತ ಈ ಮರಕಾಂಗರೂ ಹತ್ತಿರ.

ಈಗ ಬರೋದು ಹೆಚ್ಚು ಗೊಂದಲ ಎಬ್ಬಿಸಿದ ವಿಷಯ. ಬಹಳ ಕಾಲ ಬೂದು ಕಾಂಗರೂ, ಕೆಂಪು ಕಾಂಗರೂ, ವಾಲರೂ, ಜೊತೆಗೆ ಒಂದಿಷ್ಟು ವಾಲಬಿಗಳು ಎಲ್ಲವೂ ಮ್ಯಾಕ್ರೋಪಸ್ ಎಂಬ ಒಂದೇ ಕುಲದಲ್ಲಿದ್ದವು. ಆ ಕುಲದೊಳಗೆ ಮೂರು ಉಪಕುಲ. ಮ್ಯಾಕ್ರೋಪಸ್ ಉಪಕುಲದಲ್ಲಿ ಎರಡು ಬೂದು ಕಾಂಗರೂಗಳು. ಇವುಗಳ ಮೂತಿಯನ್ನು ಹತ್ತಿರದಿಂದ ನೋಡಿದರೆ ಮೂಗಿನ ಹೊಳ್ಳೆಗಳ ನಡುವೆಯೂ ಸಣ್ಣ ಕೂದಲಿರುತ್ತೆ. ಆಸ್ಫ್ರಾಂಟರ್ ಉಪಕುಲದಲ್ಲಿ ಕೆಂಪು ಕಾಂಗರೂ ಮತ್ತು ವಾಲರೂಗಳು. ವಾಲರೂಗಳ ಮೂಗು ಕೂದಲಿಲ್ಲದೆ ಕಪ್ಪಗೆ ಹೊಳೆಯುತ್ತೆ. ನೋಟಮ್ಯಾಕ್ರೋಪಸ್ ಉಪಕುಲದಲ್ಲಿ ಟಮ್ಮಾರ್, ಪಾರ್ಮಾ, ಕೆಂಪುಕತ್ತಿನ ವಾಲಬಿ ಮುಂತಾದವು. ಇವುಗಳಲ್ಲಿ ಬಹುಪಾಲಿಗೆ ಕೆನ್ನೆ ಮೇಲೆ ಬಿಳಿ ಗೆರೆ.

ಇವುಗಳ ಹೊರಗೆ ಒಂಟಿಯಾಗಿ ಇದ್ದದ್ದು ಜೌಗು ವಾಲಬಿ, ವಲ್ಲಾಬಿಯಾ ಬೈಕಲರ್. ಪೂರ್ವ ಕರಾವಳಿ ಉದ್ದಕ್ಕೂ ಪೊದೆಗಾಡಿನಲ್ಲಿ ಸಿಗುವ ಕಪ್ಪುಮಿಶ್ರಿತ ಕಂದು ಪ್ರಾಣಿ. ಹುಲ್ಲಿಗಿಂತ ಪೊದೆಯ ಎಲೆ ಇಷ್ಟ. ತಲೆ ತಗ್ಗಿಸಿ ಕುಪ್ಪಳಿಸುತ್ತೆ. ಇದರ ವರ್ಣತಂತುಗಳಂತೂ ಎಲ್ಲರಿಗಿಂತ ಬೇರೆ. ಪೂರ್ವದ ಬೂದು ಕಾಂಗರೂಗೆ 16 ವರ್ಣತಂತು, ಕೆಂಪು ಕಾಂಗರೂಗೆ 20. ಜೌಗು ವಾಲಬಿಯಲ್ಲಿ ಹೆಣ್ಣಿಗೆ 10, ಗಂಡಿಗೆ 11. ಗಂಡಿಗೆ ಒಂದು ಹೆಚ್ಚು ಹೇಗೆ ಬಂತು? ಇದರ ಎಕ್ಸ್ ವರ್ಣತಂತು ಬೇರೊಂದು ಸಾಮಾನ್ಯ ವರ್ಣತಂತುವಿನ ಜೊತೆ ಅಂಟಿಕೊಂಡಿದೆ. ಗಂಡಿನಲ್ಲಿ ಆ ಅಂಟಿದ ತುಂಡಿಗೆ ಜೋಡಿಯಾಗಿ ನಿಲ್ಲಬೇಕಾದ ವರ್ಣತಂತು ಬಿಡಿಯಾಗಿ ಉಳಿದುಬಿಟ್ಟಿದೆ. ಹಾಗಾಗಿ ಲೆಕ್ಕಕ್ಕೆ ಒಂದು ಜಾಸ್ತಿ. ಇಷ್ಟು ವಿಚಿತ್ರವಾದ ಪ್ರಾಣಿಗೆ ಸ್ವಂತ ಕುಲ ಕೊಟ್ಟಿದ್ದು ಆಗ ಸರಿ ಅನ್ನಿಸಿದ್ದು ಸಹಜ.

ಆಮೇಲೆ ಡಿಎನ್‌ಎ ಹೋಲಿಕೆ ಬಂತು. ಒಂದಾದ ಮೇಲೊಂದು ಅಧ್ಯಯನ ಜೌಗು ವಾಲಬಿಯನ್ನು ಮ್ಯಾಕ್ರೋಪಸ್ ಬಳಗದ ಹೊರಗಲ್ಲ, ಒಳಗೇ ತಂದು ಕೂರಿಸಿತು. ಮೇಲೆ ಹೇಳಿದ ನಿಯಮ ಈಗ ಕೆಲಸಕ್ಕೆ ಬರುತ್ತೆ. ಜೌಗು ವಾಲಬಿ ಒಳಗಿನದ್ದೇ ಆದರೆ ಅದನ್ನು ಬಿಟ್ಟು ಉಳಿದವನ್ನು ಮಾತ್ರ ಮ್ಯಾಕ್ರೋಪಸ್ ಅನ್ನೋ ಹಾಗಿಲ್ಲ. ದಾರಿ ಎರಡೇ. ಜೌಗು ವಾಲಬಿಯನ್ನೂ ಮ್ಯಾಕ್ರೋಪಸ್ ಅಂತ ಕರೆಯಬೇಕು. ಇಲ್ಲವೇ ಮೂರು ಉಪಕುಲಗಳನ್ನು ಪೂರ್ತಿ ಕುಲಗಳಾಗಿ ಮಾಡಿ, ಜೌಗು ವಾಲಬಿಯನ್ನು ಅವುಗಳ ಪಕ್ಕ ನಾಲ್ಕನೆಯದಾಗಿ ಉಳಿಸಬೇಕು. 2015ರಲ್ಲಿ ಸ್ಟೀಫನ್ ಜಾಕ್ಸನ್ ಮತ್ತು ಕಾಲಿನ್ ಗ್ರೋವ್ಸ್ ಎರಡನೇ ದಾರಿ ಹಿಡಿದರು. 2019ರ ಜೀನ್ ಅಧ್ಯಯನವೊಂದು ಆ ವಿಂಗಡಣೆಗೆ ಬೆಂಬಲ ಕೊಟ್ಟಿತು. 2020ರಲ್ಲಿ ಆಸ್ಟ್ರೇಲಿಯಾದ ಅಧಿಕೃತ ಪ್ರಾಣಿಪಟ್ಟಿಯೂ ಒಪ್ಪಿಕೊಂಡಿತು.

ಹೀಗೆ ಕೆಂಪು ಕಾಂಗರೂ ಮ್ಯಾಕ್ರೋಪಸ್ ರೂಫಸ್ ಹೋಗಿ ಆಸ್ಫ್ರಾಂಟರ್ ರೂಫಸ್ ಆಯಿತು. ಮ್ಯಾಕ್ರೋಪಸ್ ಕುಲದಲ್ಲಿ ಈಗ ಬದುಕಿರುವುದು ಬೂದು ಕಾಂಗರೂಗಳ ಎರಡು ಪ್ರಭೇದ ಮಾತ್ರ. ಹಳೆಯ ಪುಸ್ತಕ, ಮೃಗಾಲಯದ ಫಲಕ, ಕೆಲವು ಪಟ್ಟಿಗಳಲ್ಲಿ ಇನ್ನೂ ಹಳೆ ಹೆಸರೇ ಇದೆ. ಎರಡನೇ ಪದ ಒಂದೇ ಇದ್ದರೆ, ಉದಾಹರಣೆಗೆ ರೂಫಸ್ ಅಂತ ಇದ್ದರೆ, ಅದು ಅದೇ ಪ್ರಾಣಿ ಅಂತ ಧೈರ್ಯವಾಗಿ ತಿಳಿಯಬಹುದು. ಹೆಸರು ಬದಲಾದಾಗ ವಿಜ್ಞಾನಿಗಳಿಗೆ ಬೇರೆ ಕೆಲಸ ಇಲ್ವಾ ಅಂತ ಬೇಸರ ಪಡುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ತಪ್ಪು ಅಂತ ಗೊತ್ತಾದ ಮೇಲೂ ಹೆಸರನ್ನು ಹಾಗೇ ಬಿಟ್ಟರೆ ಅದು ಸುಮ್ನೆ ಒಂದು ಚೀಟಿ ಆಗುತ್ತೆ. ಅದನ್ನು ಓದಿ ಪ್ರಾಣಿಯ ಬಗ್ಗೆ ಏನೂ ತಿಳಿಯಲ್ಲ.

ಹಾಗಂತ ಎಲ್ಲ ಮುಗಿದಿಲ್ಲ. ಈ ಬಳಗ ಬೆಳೆದದ್ದು ಆಸ್ಟ್ರೇಲಿಯಾ ಒಣಗಿ ಹುಲ್ಲುಗಾವಲು ಹರಡಿದ ಕೆಲವು ದಶಲಕ್ಷ ವರ್ಷಗಳಲ್ಲಿ, ಬಹಳ ಬೇಗ ಬೇಗ. ಕವಲುಗಳು ಒತ್ತೊತ್ತಾಗಿ ಒಡೆದಾಗ ಒಂದು ಜೀನ್ ಒಂದು ಕ್ರಮ ಹೇಳಿದರೆ, ಇನ್ನೊಂದು ಜೀನ್ ಬೇರೆ ಕ್ರಮ ಹೇಳುತ್ತೆ. ಹಿಂದೆ ಕವಲುಗಳ ನಡುವೆ ಮಿಶ್ರ ಸಂತಾನವೂ ಆಗಿದ್ದರೆ ಇನ್ನಷ್ಟು ತೊಡಕು. ನಾಲ್ಕು ಕುಲಗಳಲ್ಲಿ ಯಾವುದಕ್ಕೆ ಯಾವುದು ಅತಿ ಹತ್ತಿರ ಎಂಬ ಚರ್ಚೆ ಇದರಿಂದಲೇ ಇಷ್ಟು ಉದ್ದವಾಗಿದೆ.

ಪ್ರಭೇದಗಳ ಮಟ್ಟದಲ್ಲೂ ಕಣ್ಣು ಮೋಸ ಮಾಡುತ್ತೆ. ಪೂರ್ವ ಮತ್ತು ಪಶ್ಚಿಮದ ಬೂದು ಕಾಂಗರೂಗಳು ನ್ಯೂ ಸೌತ್ ವೇಲ್ಸ್‌ನ ಪಶ್ಚಿಮ ಭಾಗದಲ್ಲಿ ಒಂದೇ ಬಯಲಲ್ಲಿ ಮೇಯುತ್ತವೆ. ಇವು ಬೇರೆ ಬೇರೆ ಪ್ರಭೇದ ಅಂತ ಗಟ್ಟಿಯಾಗಿದ್ದು 1960-70ರ ದಶಕದಲ್ಲಿ, ರಕ್ತದ ಪ್ರೋಟೀನ್ ಮತ್ತು ಸಂತಾನದ ಅಧ್ಯಯನದಿಂದ. ಪೂರ್ವದ್ದರ ಗರ್ಭಾವಧಿ ಸುಮಾರು 36 ದಿನ, ಪಶ್ಚಿಮದ್ದು ಸುಮಾರು 30. ಚೀಲದಲ್ಲಿ ಮರಿ ಇರುವಾಗ ಮುಂದಿನ ಭ್ರೂಣವನ್ನು ಬೆಳೆಯದಂತೆ ತಡೆದಿಡುವ ಶಕ್ತಿ ಬಹುಪಾಲು ಕಾಂಗರೂಗಳಿಗಿದೆ. ಪಶ್ಚಿಮದ ಬೂದು ಕಾಂಗರೂಗೆ ಅದಿಲ್ಲ. ಕ್ವೀನ್ಸ್‌ಲ್ಯಾಂಡ್‌ನ ಕೆಲವು ಬಂಡೆ ವಾಲಬಿಗಳದ್ದು ಇನ್ನೂ ಸೂಕ್ಷ್ಮ. ಪಕ್ಕಪಕ್ಕದ ಗುಡ್ಡಗಳಲ್ಲಿರುವ ಇವನ್ನು ನೋಡಿ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ವರ್ಣತಂತು ನೋಡಿದರೆ ಮಾತ್ರ ಬೇರೆ ಅಂತ ತಿಳಿಯುತ್ತೆ. ಮರೀಬಾ ಬಂಡೆ ವಾಲಬಿಗೆ ಹೀಗೆ ಹೆಸರು ಸಿಕ್ಕಿದ್ದು 1992ರಲ್ಲಿ.

ಇಷ್ಟು ಸೂಕ್ಷ್ಮ ಯಾಕೆ ಬೇಕು ಅಂತ ಕೇಳುವವರಿಗೆ ಕಾವೌ ದ್ವೀಪದ ಕಥೆ ಹೇಳಬೇಕು. ಸರ್ ಜಾರ್ಜ್ ಗ್ರೇ ಮೊದಲು ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಆಮೇಲೆ ನ್ಯೂಜಿಲೆಂಡ್‌ನಲ್ಲಿ ಗವರ್ನರ್ ಆಗಿದ್ದವರು. 1860-70ರ ಸುಮಾರಿಗೆ ಅವರು ನ್ಯೂಜಿಲೆಂಡ್‌ನ ತಮ್ಮ ಕಾವೌ ದ್ವೀಪಕ್ಕೆ ಹಲವು ಬಗೆಯ ವಾಲಬಿಗಳನ್ನು ತರಿಸಿ ಬಿಟ್ಟರು. ಅವು ಅಲ್ಲಿ ಪೀಡೆಯಾದವು. ಗಿಡಗಂಟಿ ತಿಂದು ಹಾಕುತ್ತವೆ ಅಂತ ಕೊಲ್ಲುತ್ತಿದ್ದರು. ಇತ್ತ ಆಸ್ಟ್ರೇಲಿಯಾದಲ್ಲಿ ಪಾರ್ಮಾ ವಾಲಬಿ ಅಳಿದೇ ಹೋಯಿತು ಅಂತ ಎಲ್ಲರೂ ನಂಬಿದ್ದರು. 1965ರಲ್ಲಿ ಕಾವೌ ದ್ವೀಪದ ಪೀಡೆಗಳ ನಡುವೆ ಪಾರ್ಮಾ ಇರುವುದು ಪತ್ತೆಯಾಯಿತು. ಅದುವರೆಗೆ ಅದನ್ನು ಬೇರೆ ವಾಲಬಿ ಅಂದುಕೊಂಡಿದ್ದರು. ಎರಡೇ ವರ್ಷದಲ್ಲಿ ನ್ಯೂ ಸೌತ್ ವೇಲ್ಸ್‌ನ ಕಾಡಿನಲ್ಲೂ ಅದು ಉಳಿದಿರುವುದು ಗೊತ್ತಾಯಿತು.

ಅಲ್ಲಿಗೇ ಮುಗಿಯಲಿಲ್ಲ. ಅದೇ ದ್ವೀಪದಲ್ಲಿ ಟಮ್ಮಾರ್ ವಾಲಬಿಗಳೂ ಇದ್ದವು. ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಟಮ್ಮಾರ್ 20ನೇ ಶತಮಾನದ ಮೊದಲ ದಶಕಗಳಲ್ಲೇ ಅಲ್ಲಿ ಪೂರ್ತಿ ನಾಶವಾಗಿತ್ತು. ಹತ್ತಿರದ ಕಾಂಗರೂ ದ್ವೀಪದಲ್ಲಿ ಟಮ್ಮಾರ್ ಇನ್ನೂ ಇತ್ತು, ಆದರೆ ಆ ಬಳಗ ಬೇರೆ. ಮ್ಯೂಸಿಯಂಗಳಲ್ಲಿ ಉಳಿದಿದ್ದ ಹಳೆಯ ಚರ್ಮಗಳ ಡಿಎನ್‌ಎ ಜೊತೆ ಹೋಲಿಸಿದಾಗ, ನ್ಯೂಜಿಲೆಂಡ್‌ನಲ್ಲಿ ವಿಷ ಹಾಕಿ ಕೊಲ್ಲುತ್ತಿದ್ದದ್ದು ತವರಿನಲ್ಲಿ ಅಳಿದ ಅದೇ ಬಳಗ ಅಂತ ತಿಳಿಯಿತು. 2003ರಲ್ಲಿ ಅವುಗಳಲ್ಲಿ ಕೆಲವನ್ನು ಹಿಡಿದು ದಕ್ಷಿಣ ಆಸ್ಟ್ರೇಲಿಯಾಕ್ಕೆ ತಂದರು. 2004ರಿಂದ ಯಾರ್ಕ್ ಪರ್ಯಾಯ ದ್ವೀಪದ ಇನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಹಂತ ಹಂತವಾಗಿ ಬಿಟ್ಟರು. ಯುರೋಪಿನಿಂದ ಬಂದ ನರಿಗಳು ಅಲ್ಲಿ ಈಗಲೂ ದೊಡ್ಡ ಅಪಾಯ. ಅವುಗಳನ್ನು ಹತೋಟಿಯಲ್ಲಿಟ್ಟರೆ ಮಾತ್ರ ಟಮ್ಮಾರ್‌ಗಳು ಅಲ್ಲಿ ನೆಲೆ ನಿಲ್ಲಬಲ್ಲವು.